ಎತ್ತಿ ಕುಡಿಯುವವರು

ಬೆಳಿಗ್ಗೆ ಬೀರುವಿನಲ್ಲಿ ಕೈಯಾಡಿಸುವಾಗ ಆ ಬಿಳಿ ಅಂಗಿ ಸಿಕ್ಕಿತು. ಕಾಲರಿನ ಕೆಳಗೆ ಅಂಗೈಯಗಲದ ನೇರಳೆ ಕಲೆ. ನಿಂಬೆಹಣ್ಣು, ಸೋಡಾಪುಡಿ, ನನ್ನ ಹೆಂಡತಿ ಸುಮಾಳ ಬೈಗುಳ, ಯಾವುದಕ್ಕೂ ಜಗ್ಗದೆ ಕೂತಿದೆ. ಎಸೆಯಲು ನಾನು ಬಿಟ್ಟಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಸುಮಾಳಿಗೆ ಫ್ರಾನ್ಸಿನ ಹಳ್ಳಿಗಳನ್ನು ಸುತ್ತುವ ಆಸೆ. ನನಗೆ ಸಿಕ್ಕಿದ್ದು ನಾಲ್ಕು ದಿನದ ರಜೆ. ಅಡಿಲೇಡಿನ ಆಚೆಗೂ ಗುಡ್ಡಗಳಿವೆ, ದ್ರಾಕ್ಷಿತೋಟಗಳಿವೆ, ಕಲ್ಲುಗೋಡೆಯ ಪುಟ್ಟ ಊರುಗಳಿವೆ, ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡರೆ ಫ್ರಾನ್ಸೇ ಎಂದು ಅವಳನ್ನು ಒಪ್ಪಿಸಿ ನಾವಿರುವ ಬ್ರಿಸ್ಬೇನಿನಿಂದ ವಿಮಾನ ಹತ್ತಿಸಿದೆ. ಇದು ನಾಲ್ಕು ವರ್ಷದ ಹಿಂದಿನ ಮಾತು. ಮೈಸೂರಿನಿಂದ ಬಂದಿದ್ದ ಅವಳ ತಂದೆಯೂ ಜೊತೆಗಿದ್ದರು.

ಮಾವನವರು ನಿವೃತ್ತ ವಿಜ್ಞಾನದ ಮೇಷ್ಟರು. ಹೆಂಡವನ್ನು ಮೂಸಿಯೂ ನೋಡದವರು, ಆದರೆ ಅದು ಆಗುವ ಬಗೆಯನ್ನು ತಿಳಿಯದೆ ಬಿಡುವವರಲ್ಲ. ದಾರಿಯಲ್ಲಿ ಬಾಡಿಗೆ ಕಾರು ನಿಲ್ಲಿಸಿ ನೀಲಗಿರಿ ಎಲೆ ಹಿಸುಕಿ ಮೂಸಿದರು. ಬಳ್ಳಿಗಳ ಸಾಲಿನ ತುದಿಗೆಲ್ಲ ಗುಲಾಬಿ ಯಾಕೆ ಎಂದು ಕೇಳಿದರು. ನಾನು ಅಂದಕ್ಕೆ ಎಂದೆ. ಬೂಷ್ಟು ರೋಗ ಮೊದಲು ಗುಲಾಬಿಯಲ್ಲಿ ಕಾಣುತ್ತದಂತೆ, ಬಳ್ಳಿಗೆ ಮುನ್ನೆಚ್ಚರಿಕೆ ಅಂತೆ. ಅದನ್ನು ಒಂದು ತೋಟದ ಆಳಿನಿಂದ ತಿಳಿದುಕೊಂಡು ಬಂದು ನನಗೇ ಪಾಠ ಮಾಡಿದರು.

ಇಷ್ಟೆಲ್ಲ ಮಾತಾಡುವವರು ನೀರು ಮಾತ್ರ ಕುಡಿಯುತ್ತಿರಲಿಲ್ಲ. ನನಗದು ಕಂಡಿರಲೇ ಇಲ್ಲ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಸುಮಾ ನನ್ನನ್ನು ಪಕ್ಕಕ್ಕೆ ಕರೆದಳು. "ರೀ, ಅಪ್ಪ ಹೊರಗಡೆ ನೀರು ಕುಡಿಯೋದೇ ಬಿಟ್ಬಿಟ್ಟಿದ್ದಾರೆ. ನೀವು ಅವತ್ತು ಹಾಗಂದ ಮೇಲೆ."

ಅವತ್ತು ಅಂದರೆ ಹಿಂದಿನ ವಾರ, ಬ್ರಿಸ್ಬೇನಿನಲ್ಲಿ, ನಮ್ಮ ಮನೆ ಹತ್ತಿರದ ಇಂಡೂರೂಪಿಲ್ಲಿಯ ಮಾಲಿನಲ್ಲಿ. ಮಾವನವರು ಎಂದಿನಂತೆ ಲೋಟವನ್ನು ಮೇಲೆತ್ತಿ, ತುಟಿಗೆ ತಾಗಿಸದೆ ನೀರು ಹುಯ್ದುಕೊಂಡಿದ್ದರು. ಪಕ್ಕದ ಮೇಜಿನ ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದ್ದರು. ಇಲ್ಲಿ ಹಾಗೆ ಕುಡಿಯಬೇಡಿ, ಎಲ್ಲರೂ ನೋಡುತ್ತಾರೆ ಎಂದು ನಾನು ಮೆಲ್ಲಗೆ ಹೇಳಿದ್ದೆ. ಅವರು ಸರಿ ಎಂದು ಲೋಟ ಕೆಳಗಿಟ್ಟಿದ್ದರು. ಅರವತ್ತೆಂಟು ವರ್ಷದ ಅಭ್ಯಾಸ ಅಷ್ಟು ಸುಲಭವಾಗಿ ಹೋಯಿತಲ್ಲ ಎಂದು ನಾನು ಖುಷಿಪಟ್ಟುಕೊಂಡಿದ್ದೆ, ನೋಡಿ.

ಸುಮಾ ಹೇಳಿದ ಮೇಲೆ ನಾನೇ ಒಂದು ಲೋಟ ನೀರು ತಂದುಕೊಟ್ಟೆ. ಬೇಡ, ಬಾಯಾರಿಕೆಯಿಲ್ಲ ಎಂದರು. ತುಟಿ ಒಣಗಿತ್ತು.

ನಾವು ಆಗ ನಿಂತಿದ್ದ ತೋಟದ ಯಜಮಾನ ದಕ್ಷಿಣ ಫ್ರಾನ್ಸಿನ ಬೆಟ್ಟದ ಹಳ್ಳಿಯೊಂದರಿಂದ ಹುಡುಗನಾಗಿದ್ದಾಗ ಬಂದ ಮುದುಕ. ನಮಗೆ ವೈನ್ ರುಚಿ ತೋರಿಸುತ್ತ, ತನಗೂ ಬಾಯಾರಿತೆಂದು ಗೂಟದಿಂದ ಒಂದು ಗಾಜಿನ ಪಾತ್ರೆ ತೆಗೆದು ಕೆಂಪು ವೈನ್ ತುಂಬಿಕೊಂಡ. ಗಿಂಡಿಯ ಹಾಗೆ ಚೂಪು ಮೂತಿ. ಕೈ ಚಾಚಿ ಅದನ್ನು ಮೇಲೆತ್ತಿದ. ಸಣ್ಣ ಧಾರೆ ನೇರ ಅವನ ಗಂಟಲಿಗೆ ಬಿತ್ತು. ತುಟಿ ತಾಗಲಿಲ್ಲ.

ಮಾವನವರು ಎರಡು ಹೆಜ್ಜೆ ಮುಂದೆ ಬಂದರು. ಮುದುಕ ವಿವರಿಸಿದ. ಅವನ ಊರಿನಲ್ಲಿ ಇಡೀ ಪಂಕ್ತಿಗೆ ಇದೊಂದೇ ಪಾತ್ರೆಯಂತೆ, ಕೈಯಿಂದ ಕೈಗೆ ಹೋಗುವುದಂತೆ, ಯಾರ ಬಾಯಿಯೂ ತಾಗಬಾರದಂತೆ. "ನಮ್ಮಲ್ಲೂ ಅದೇ" ಎಂದು ಮಾವನವರು ಇಂಗ್ಲಿಷಿನಲ್ಲಿ ಹೇಳಿದರು. ಮುದುಕ ಇನ್ನೊಂದು ಪಾತ್ರೆ ತೊಳೆದು, ತಣ್ಣೀರು ತುಂಬಿ ಅವರ ಕೈಗಿಟ್ಟ.

ಅವರು ಕುಡಿಯುತ್ತಲೇ ಹೋದರು. ಒಂದು ಹನಿ ಆಚೆ ಬೀಳಲಿಲ್ಲ. ಪಾತ್ರೆ ಬರಿದಾಗುವವರೆಗೂ ಗಂಟಲು ಆಡುತ್ತಲೇ ಇತ್ತು. ನನಗೆ ನಾಚಿಕೆಯಾಯಿತು. ಇಷ್ಟು ಬಾಯಾರಿಕೆ ಇಟ್ಟುಕೊಂಡು ಈ ಮನುಷ್ಯ ನನಗೆ ಗುಲಾಬಿಯ ಪಾಠ ಮಾಡಿದ್ದರಲ್ಲ.

ಕೆಂಪು ವೈನಿನ ಪಾತ್ರೆ ನನ್ನ ಕೈಗೂ ಬಂತು. ಉಳಿದದ್ದನ್ನು ಈ ಅಂಗಿಯೇ ಹೇಳುತ್ತದೆ. ಮುದುಕ ನಕ್ಕ, ಸುಮಾ ನಕ್ಕಳು. ಮಾವನವರು ನಗಲಿಲ್ಲ, ಕರವಸ್ತ್ರ ಕೊಟ್ಟರು.

"ಬಾಯಿ ಮುಚ್ಚಬೇಡಿ ಅಳಿಯಂದ್ರೇ. ಯಾರೋ ನೋಡ್ತಾರೆ ಅಂತ ಹೆದರಿಕೊಂಡ್ರೆ ಚೆಲ್ಲತ್ತೆ."

ಮಾವ-ಅಳಿಯಂದಿರ ನಡುವೆ ಕ್ಷಮಿಸಿ ಎಂಬ ಮಾತು ಸುಲಭಕ್ಕೆ ಬರುವುದಿಲ್ಲ. ಆಗಲೂ ಬರಲಿಲ್ಲ, ಆಮೇಲೆ ಫೋನಿನಲ್ಲೂ ಬರಲಿಲ್ಲ.

ಈ ಸಂಜೆ ಅವರು ಮತ್ತೆ ಬರುತ್ತಿದ್ದಾರೆ. ವಿಮಾನ ನಿಲ್ದಾಣಕ್ಕೆ ಒಳ್ಳೆಯ ಅಂಗಿ ಹಾಕಿಕೊಳ್ಳಿ ಎಂದು ಸುಮಾ ಒಳಗಿಂದ ಕೂಗುತ್ತಿದ್ದಾಳೆ. ನಾನು ಇದನ್ನೇ ಹಾಕಿಕೊಂಡಿದ್ದೇನೆ. ಒಂದು ಬಾಟಲಿ ತಣ್ಣೀರೂ ತುಂಬಿಟ್ಟಿದ್ದೇನೆ. ಅವರು ಗಾಡಿ ತಳ್ಳಿಕೊಂಡು ಹೊರಗೆ ಬಂದಾಗ, ಅಷ್ಟು ಜನರ ನಡುವೆ, ಮೊದಲು ನಾನು ಎತ್ತಿ ಕುಡಿದು ಆಮೇಲೆ ಅವರ ಕೈಗೆ ಕೊಡುತ್ತೇನೆ. ಅಂಗಿಯ ಮೇಲೆ ಒಂದಿಷ್ಟು ಬಿದ್ದೇ ಬೀಳುತ್ತದೆ.