ಕೇಳೋರು ಬಾಗಿಲ ಕಡೆ

ಸಿಂಧನೂರಿನ ಮುಖ್ಯ ಆಫೀಸಿನ ಸಭಾಂಗಣದಲ್ಲಿ ಆ ದಿನ ನಡೆದದ್ದನ್ನು ಬರೆಯಲು ಕುಳಿತಾಗಲೆಲ್ಲ ಅರ್ಧಕ್ಕೆ ಎದ್ದುಬಿಟ್ಟಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಕಂಡದ್ದನ್ನು ಮಾತ್ರ, ಕಂಡ ಕ್ರಮದಲ್ಲಿಯೇ ಬರೆಯುತ್ತೇನೆ.

ನಮ್ಮದು ಬೀಜ ಮಾರುವ ಕಂಪನಿ. ಮಸ್ಕಿ ಶಾಖೆಯಲ್ಲಿ ನಾನು ಬಿಲ್ ಮಾಡುತ್ತಿದ್ದೆ. ನನ್ನ ಪಕ್ಕದ ಮೇಜಿನ ಗೆಳತಿ ರೈತರ ದೂರು ನೋಡಿಕೊಳ್ಳುತ್ತಿದ್ದಳು. ಪಾಮನಕಲ್ಲೂರಿನಲ್ಲಿ ತೊಗರಿ ಮೊಳೆಯಲಿಲ್ಲ ಎಂದರೆ ಹೊಲಕ್ಕೆ ಹೋಗಿ ಮಣ್ಣು ಕೆದಕಿ ನೋಡುವಳು. ಬಂದವಳೇ ನಮ್ಮ ಭಾಗದ ಶಾಖೆಗಳನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರರ ಮುಂದೆ ನಿಲ್ಲುವಳು: "ಹಳೇ ಮಾಲು ಯಾಕ ಕಳಿಸಿದ್ರಿ?" ಶಾಖೆಗೆ ಮುಖ್ಯಸ್ಥರನ್ನು ಆರಿಸುವುದಿತ್ತು. ಆ ಜಾಗ ಅವಳದೇ ಎಂದು ನಾವೆಲ್ಲ ನಂಬಿದ್ದೆವು. ಅವಳೂ ನಂಬಿದ್ದಳು.

ಆಯ್ಕೆಗೆ ಮುಂಚೆ ಬೆಂಗಳೂರಿನಿಂದ ತರಬೇತುದಾರರೊಬ್ಬರು ಬಂದರು; ಎಲ್ಲ ಶಾಖೆಯವರನ್ನೂ ಸಿಂಧನೂರಿಗೆ ಕರೆಸಿದರು. ಯಾರದು ಯಾವ ಬಗೆಯ ಸ್ವಭಾವ ಎಂದು ತಿಳಿದು ಅದಕ್ಕೆ ತಕ್ಕ ಕೆಲಸ ಕೊಡುವುದಂತೆ. ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸಿ, "ಮಾತಾಡೋರು ಕಿಟಕಿ ಕಡೆ ಹೋಗಿ, ಕೇಳೋರು ಬಾಗಿಲ ಕಡೆ ಬನ್ನಿ" ಎಂದರು.

ಗೆಳತಿ ನನ್ನ ಭುಜ ತಟ್ಟಿದಳು. "ಕೇಳಾಕ ನನ್ನ ಬಿಟ್ರ ಇಲ್ಲಿ ಯಾರದಾರಬೇ? ನನ್ನ ಕಂಡ್ರ ಸಾಹೇಬ್ರು ಚಾ ಬಿಟ್ಟು ಓಡ್ತಾರ" ಎಂದು ನಗುತ್ತ ಬಾಗಿಲ ಕಡೆ ನಡೆದಳು.

ಕೇಳುವುದೆಂದರೆ ಅವಳಿಗೆ ಪ್ರಶ್ನೆ ಮಾಡುವುದು. ತರಬೇತುದಾರರಿಗಾದರೆ, ಕಿವಿಗೊಟ್ಟು ಸುಮ್ಮನಿರುವುದು. ಎರಡೂ ಕನ್ನಡವೇ.

ಕಿಟಕಿ ಕಡೆಯವರು ಮುಂದಾಳುಗಳು, ಬಾಗಿಲ ಕಡೆಯವರು ಅಂತರ್ಮುಖಿಗಳು ಎಂದು ಅವರು ಸಾರಿದಾಗ ಅವಳ ನಗು ನಿಂತಿತು. "ಸರ್, ನಾ ಬ್ಯಾರೆ ತಿಳಕೊಂಡೆ" ಎಂದಳು.

"ಮೊದಲು ಆರಿಸಿದ್ದೇ ನಿಜವಾದ ಸ್ವಭಾವ ಮೇಡಂ. ಆಮೇಲೆ ಹೇಳೋದೆಲ್ಲ ಸಮಜಾಯಿಷಿ."

ನಾನು ತಡೆಯಲಾರದೆ ಅಂದೆ: "ಆಕಿ ಸುಮ್ಮನಿರಾಕಿ ಅಲ್ರಿ ಸರ್. ನಮ್ಮ ಮ್ಯಾನೇಜರ್ ಸಾಹೇಬ್ರಿಗೆ ಎಲ್ಲಾ ಗೊತ್ತೈತಿ."

ತರಬೇತುದಾರರು ನನ್ನನ್ನು ನೋಡಿ ಮುಗುಳ್ನಕ್ಕರು. "ನೀವು ಭಾವುಕ ಬಗೆಯವರು. ಗೆಳತಿ ಪರ ಬೇಗ ವಾದಕ್ಕೆ ಇಳೀತೀರಿ."

ಅವರ ಮೇಲೆ ನನಗೆ ಅಷ್ಟು ಕೋಪವಿಲ್ಲ. ಅವರು ನಮ್ಮನ್ನು ಅರಿಯರು. ಮ್ಯಾನೇಜರ್ ನಮ್ಮ ಕಡೆಯವರೇ, ಲಿಂಗಸುಗೂರಿನವರು. ಕೇಳುವುದೆಂದರೆ ಏನೆಂದು ಅವರಿಗೆ ತಿಳಿಯದೆ? ಅವಳು ಕೇಳಿದ್ದಕ್ಕೆಲ್ಲ ಉತ್ತರ ಸಿಗದೆ ಬೆವತವರು ಅವರೇ. ಆದರೆ ಆ ಹೊತ್ತು ಅಲ್ಲೇ ಕುಳಿತು ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದರು.

ಆಮೇಲೆ ಮಸ್ಕಿಗೆ ಬಂದು ಅವಳಿಗೆ ವರ್ಗಾವಣೆಯ ಸುದ್ದಿ ಹೇಳಿದವರೂ ಅವರೇ. "ಲಿಂಗಸುಗೂರಿನ ಗೋದಾಮಿನಾಗ ಚೀಲಕ್ಕ ಲೇಬಲ್ ಹಚ್ಚೋದು. ಒಬ್ರೇ ಕುಂತು ಮಾಡೋ ಕೆಲಸ. ನಿನ್ನ ಸ್ವಭಾವಕ್ಕ ಒಗ್ಗತೈತಿ."

"ನನ್ನ ಸ್ವಭಾವ ನಿಮಗ ಗೊತ್ತಿಲ್ಲೇನ್ರಿ? ಎದಿ ಮ್ಯಾಲ ಕೈ ಇಟ್ಟು ಹೇಳ್ರಿ."

"ನನ್ನ ಕೈಯಾಗ ಏನೈತವ್ವಾ? ನೀನ ಹೋಗಿ ನಿಂತಿ."

ಎಷ್ಟು ಮೆತ್ತಗೆ ಅಂದರು! ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದಳು.

ಕಿಟಕಿ ಕಡೆ ನಿಂತಿದ್ದ ಒಬ್ಬನು ಮಸ್ಕಿಗೆ ಮುಖ್ಯಸ್ಥನಾಗಿ ಬಂದ. ಕೆಲವೇ ದಿನಗಳಲ್ಲಿ ಪಾಮನಕಲ್ಲೂರಿನ ಇಬ್ಬರು ರೈತರು ಮೊಳೆಯದ ತೊಗರಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದರು. ಅವನು ಅವರಿಗೆ ಚಹಾ ತರಿಸಿ ಬಹಳ ಚೆನ್ನಾಗಿ ಮಾತಾಡಿದ. ಕಂಪನಿಯ ಬಗ್ಗೆ, ಹವಾಮಾನದ ಬಗ್ಗೆ, ಹೊಸ ತಳಿಯ ಬಗ್ಗೆ. ಟವೆಲಿನ ಗಂಟನ್ನು ಬಿಚ್ಚಿಸಲಿಲ್ಲ.