ಅಣ್ಣನ ಹೆಸರಿಗೆ ಬಂದ ಬಹುಮಾನ

ಸೊರಬದ ನಮ್ಮ ಗೊಬ್ಬರದಂಗಡಿಯಲ್ಲಿ ಅಣ್ಣ ಪೋಸ್ಟ್‌ಮ್ಯಾನನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಜಪ್ಪಿದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಯೂರಿಯಾ ಚೀಲಗಳ ಹಿಂದೆ ನಿಂತಿದ್ದೆ. ತಪ್ಪು ನನ್ನದು.

ತಿಂಗಳ ಹಿಂದೆ ವಾರಪತ್ರಿಕೆಯೊಂದರಲ್ಲಿ ಒಂಬತ್ತು ಮನೆಗಳ ಚೌಕ ಬಂದಿತ್ತು. ಹೇಗೆ ಕೂಡಿದರೂ ಹದಿನೈದು ಬರುವಂತೆ ತುಂಬಿ ಕಳಿಸಿದರೆ ಟೂ-ಇನ್-ಒನ್ ರೇಡಿಯೊ ಬಹುಮಾನ. ನಾಲ್ಕನೇ ಕ್ಲಾಸಿನವರೂ ತುಂಬುವ ಚೌಕ. ಲೋಕದಲ್ಲಿ ನಾನೊಬ್ಬನೇ ಬುದ್ಧಿವಂತನೆಂದು ತುಂಬಿದೆ. ಕಳಿಸಬೇಕಾದ ವಿಳಾಸದಲ್ಲಿ ಬೀದಿಯಿಲ್ಲ, ಬಾಗಿಲಿಲ್ಲ, ಬರೀ ಪೋಸ್ಟ್ ಬಾಕ್ಸ್ ನಂಬರು. ಅಳುಕಾಯಿತು. ಮಳೆ ಬಂದರೆ ಸಿಡಿಲಿಗೆ, ಬರದಿದ್ದರೆ ಬರಕ್ಕೆ ಹೆದರುವ ಜೀವ ನನ್ನದು. ಆದರೂ ಕಳಿಸದೆ ಬಿಡಲಿಲ್ಲ. ನನ್ನ ಹೆಸರಿನ ಬದಲು ಅಣ್ಣನ ಹೆಸರು ಬರೆದೆ. ಏನಾದರೂ ಆದರೆ ಅವನಿಗೇ ಆಗಲಿ ಎಂಬ ಮುಂಜಾಗ್ರತೆ.

ಪಾರ್ಸೆಲ್ ವಿ.ಪಿ.ಯಲ್ಲಿ ಬಂತು. ದುಡ್ಡು ಕೊಡದೆ ಬಿಚ್ಚುವಂತಿಲ್ಲ. "ನಿನ್ನ ಹೆಸರಿಗೇ ಬಹುಮಾನ ಬಂದಿದ್ಯಲ್ಲೋ ಅಣ್ಣ, ಬಿಡಿಸ್ಕೊ" ಎಂದವನೂ ನಾನೇ. ಅಣ್ಣ ದುಡ್ಡು ಕೊಟ್ಟು ಬಿಚ್ಚಿದರೆ ಒಣಹುಲ್ಲಿನ ನಡುವೆ ಅರ್ಧ ಇಟ್ಟಿಗೆ.

"ನಾನು ಯಾರಿಗೂ ಕಾಗ್ದ ಬರ್ದಿಲ್ಲ. ನನ್ನ ಹೆಸ್ರು, ಅಂಗ್ಡಿ ವಿಳಾಸ ಆ ಕಳ್ಳರಿಗೆ ಹೇಳಿದ್ಯಾರು? ಎಷ್ಟು ಕಮಿಷನ್ ಕೊಡ್ತಾರೋ ನಿಂಗೆ?" ಅಣ್ಣನ ತರ್ಕದಲ್ಲಿ ದೋಷವಿರಲಿಲ್ಲ. ಮೊದಲ ಏಟಿಗೆ ಪೋಸ್ಟ್‌ಮ್ಯಾನನ ಕನ್ನಡಕ ಹಾರಿತು. ಎರಡನೆಯದಕ್ಕೆ ಖಾಕಿ ಅಂಗಿಯ ಮೇಲೆ ರಕ್ತ ಇಳಿಯಿತು.

"ನಾ ತಂದು ಕೊಡಾವ ಅಷ್ಟೇರೀ ಸಾವ್ಕಾರ್ರೇ, ಒಳಗ ಏನೈತಿ ನಂಗೇನ್ ಗೊತ್ರೀ!" ಶಿಕಾರಿಪುರದ ಕಡೆಯ ಮನುಷ್ಯ, ಒದೆ ತಿನ್ನುವಾಗಲೂ 'ರೀ' ಬಿಡಲಿಲ್ಲ.

ಪಕ್ಕದ ಹೋಟೆಲಿನವನು ಓಡಿಬಂದ. "ಹಾಕ್ರೀ ಇನ್ನೊಂದು! ನಮ್ಮನೆಗೂ ಇಟ್ಟಿಗೇನೇ ತಂದಿದ್ದ" ಎಂದು ಹೊಟ್ಟೆಗೆ ಒದ್ದ. ಪೋಸ್ಟ್‌ಮ್ಯಾನ್ ನೆಲಕ್ಕೆ ಬಿದ್ದ. ಅಣ್ಣ ಅದೇ ಇಟ್ಟಿಗೆಯನ್ನು ಅವನ ತಲೆಯ ಮೇಲಕ್ಕೆ ಎತ್ತಿದ. ಆಗ ನನ್ನ ಬಾಯಿ ತೆರೆಯಿತು.

"ಬಿಡಣ್ಣಾ! ನಿನ್ನ ಹೆಸರಲ್ಲಿ ಬರ್ದಿದ್ದು ನಾನು."

ಇಟ್ಟಿಗೆ ಬಿಸುಟು ಅಣ್ಣ ತಕ್ಕಡಿಯ ಸರಪಳಿ ಕಳಚಿದ. ನನ್ನ ಬೆನ್ನು ಎರಡು ಕಡೆ ಬಿರಿಯಿತು. ಕೊನೆಗೆ ಅವನ ಕೈ ಹಿಡಿದು ನಿಲ್ಲಿಸಿದವನು ಪೋಸ್ಟ್‌ಮ್ಯಾನೇ. ನಾನು ಕೈ ಮುಗಿದೆ. ಅವನು ರಕ್ತ ಉಗುಳಿದ.

"ಮೊದಲನೇ ಏಟಿಗೇ ಹೇಳಿದ್ರ ನನ್ ಹಲ್ಲು ಉಳೀತಿತ್ತಲ್ರೀ."

ಒಮ್ಮೆ ಉತ್ತರ ಕೊಟ್ಟ ವಿಳಾಸವನ್ನು ಆ ಕಳ್ಳರು ಬಿಡುವುದಿಲ್ಲವೆಂದು ಆಮೇಲೆ ತಿಳಿಯಿತು. ಬಹುಮಾನಗಳು ಬರುತ್ತಲೇ ಇದ್ದವು. ಪೋಸ್ಟ್‌ಮ್ಯಾನ್ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ, ರಸ್ತೆಯ ಆಚೆಯಿಂದಲೇ ಕೂಗುತ್ತಿದ್ದ: "ವಿ.ಪಿ. ಬಂದೈತ್ರೀ, ಏನ್ ಮಾಡ್ಲಿ?"

"ವಾಪಸ್" ಎನ್ನುತ್ತಿದ್ದೆ, ಯಾರ ಹೆಸರಿಗೆಂದು ಕೇಳದೆ.