ಒಂಟೆ ಪಾದದ ಕಾಲುಚೀಲ

ಟರ್ಕಿಯ ಸಿವಾಸ್‌ನ ನಮ್ಮ ಬೀದಿಯಲ್ಲಿ ಶೆಹ್ರಿಬಾನ್ ದೊಡ್ಡಮ್ಮನ ಹಾಗೆ ಉಣ್ಣೆ ಹೆಣೆಯುವವರು ಇನ್ನೊಬ್ಬರಿಲ್ಲ. ಈ ಮಾತಿಗೆ ಯಾರು ಬೇಕಾದರೂ ನನ್ನ ಹತ್ತಿರ ಜಗಳಕ್ಕೆ ಬರಲಿ. ಟಿವಿ ನೋಡುತ್ತ, ಪಕ್ಕದ ಮನೆಯವರ ಸೊಸೆಯ ಮೇಲಿನ ದೂರು ಕೇಳುತ್ತ, ಕಡ್ಡಿಯ ಕಡೆ ಕಣ್ಣೂ ಹಾಯಿಸದೆ ಹೆಣೆಯುತ್ತಾರೆ. ಒಂದೇ ಕೆಟ್ಟ ಚಾಳಿ ಅಂದರೆ ಯಾವುದನ್ನೂ ಮುಗಿಸುವುದಿಲ್ಲ. ಹೊಸ ಬಣ್ಣದ ಉಣ್ಣೆ ಕಂಡಿತೋ, ಹಳೆಯದು ಸೋಫಾದ ಹಿಂದೆ ಹೋಯಿತು. ಮಂಚದ ಕೆಳಗೆ ತೋಳಿಲ್ಲದ ಸ್ವೆಟರು, ಜೊತೆಯಿಲ್ಲದ ಕಾಲುಚೀಲ, ಅರ್ಧ ಶಾಲು.

ಅಂಥವರು ಈ ಸಲ ಬಕ್ರೀದಿಗೆ ಮುಂಚೆ ನನ್ನನ್ನು ಕರೆದು, ಮನೆ ತೊಳೆದು, ಶುರು ಮಾಡಿದ್ದನ್ನೆಲ್ಲ ಮುಗಿಸಿಬಿಡೋಣ ಅಂದರು. ನನಗೋ ಖುಷಿಯೋ ಖುಷಿ. ಕಾಲುಚೀಲಕ್ಕೆ ಉಣ್ಣೆ ಬೇಕೆಂದು ಸ್ವೆಟರುಗಳನ್ನೆಲ್ಲ ಬಿಚ್ಚಿ ಉಂಡೆ ಸುತ್ತಿದೆ. ಕಾಲುಚೀಲಗಳನ್ನು ಅವರು ಹೆಣೆದು ಕೊಟ್ಟರೆ ತುದಿ ಮುಚ್ಚುವ ಕೆಲಸ ನನ್ನದು. ಇಷ್ಟೊಂದು ಕಾಲುಚೀಲ ಅವರ ಮೊಮ್ಮಗಳ ಮದುವೆಯ ಉಡುಗೊರೆಗಿರಬೇಕು ಅಂದುಕೊಂಡೆ. ಅದರಲ್ಲಿ ದಾಳಿಂಬೆ ಬಣ್ಣದ ಒಂದು ಜೊತೆ ಮಾತ್ರ ದೋಣಿಯಷ್ಟು ಉದ್ದ. ಯಾರಿಗೆ ಅಂತ ಕೇಳಿದೆ.

"ಒಂದು ಒಂಟೆಗೆ. ಹಾಕಿ ಗೀಕಿ ನೋಡ್ಬೇಡ ಮತ್ತೆ. ಅದನ್ನ ಯಾರೂ ಮೆಟ್ಟಿರಬಾರದು."

ಕೊನೆಯ ದಿನ ನೆಲಕ್ಕೆ ಸೋಪಿನ ನೀರು ಹಾಕಿದ್ದೆವು. ಕಾಲುಚೀಲಗಳನ್ನು ಪೆಟ್ಟಿಗೆಯ ತಳದ ಗಂಟಿಗೆ ಸೇರಿಸು ಎಂದು ಅಡುಗೆಮನೆಯಿಂದಲೇ ಕೂಗಿದರು. ಗಂಟು ಬಿಚ್ಚಿದೆ. ಒಳಗೆ ಹೊಸ ಸೋಪು, ಟವೆಲು, ಹತ್ತಿ. ಅದರಡಿ ಹೊಲಿಗೆಯಿಲ್ಲದ ಉದ್ದನೆಯ ಬಿಳಿ ಬಟ್ಟೆ. ಅಜ್ಜಿ ಸತ್ತಾಗ ನೋಡಿದ್ದೆ. ಕಫನ್, ಹೆಣಕ್ಕೆ ಸುತ್ತುವ ಬಟ್ಟೆ.

ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಬಂದು, ನಾನು ಬರೀ ಅಕ್ಕಿ ಡಬ್ಬಿ ತೆರೆದಿದ್ದೇನೋ ಎಂಬಂತೆ ನೋಡಿದರು.

"ಸತ್ತ ಮೇಲೆ ನನ್ನ ತೊಳೆದೋರು ಬರಿಗೈಲಿ ಹೋಗ್ಬೇಕೇನೆ? ನೀರಲ್ಲಿ ನಿಂತು ಕಾಲು ತಣ್ಣಗಾಗಿರತ್ತೆ. ಬೆಚ್ಚಗೆ ಹಾಕ್ಕೊಂಡು ಹೋಗ್ಲಿ."

ಕಾಯಿಲೆಯೇನೂ ಇಲ್ಲವಂತೆ, ಎದೆ ಕುದುರೆಯ ಹಾಗೆ ಗಟ್ಟಿಯಿದೆಯಂತೆ. ಆದರೆ ಹೋದ ಚಳಿಗಾಲ ಅವರ ತಂಗಿ ತೀರಿಹೋದಾಗ ಅವಳ ಗಂಟಿನಲ್ಲಿ ಬರೀ ಒಂಟಿ ಕಾಲುಚೀಲಗಳಿದ್ದವಂತೆ. ತೊಳೆದವರಿಗೆ ಅಂಗಡಿಯಿಂದ ತಂದು ಕೊಡಬೇಕಾಯಿತಂತೆ. ಆ ನಾಚಿಕೆ ತನಗೆ ಬೇಡ ಅಂದರು.

ನನ್ನ ಕೈಯಲ್ಲಿ ದಾಳಿಂಬೆ ಬಣ್ಣದ್ದು ಇನ್ನೂ ಇತ್ತು. ಇದು ಯಾರದು ಎಂದೆ.

"ನೀರು ಹೊಯ್ಯೋಕೆ ಒಬ್ಬಳು ಬೇಕಲ್ಲ. ಈ ಬೀದೀಲಿ ಇಷ್ಟು ದೊಡ್ಡ ಪಾದ ಇನ್ಯಾರಿಗಿದೆ, ನೀನೇ ಹೇಳು ಎಲ್ಮಾಸ್."

ಅವರನ್ನು ತೊಳೆದದ್ದಕ್ಕೆ ನನಗೆ ಬರಬೇಕಾದದ್ದನ್ನು ನಾನೇ ನಗುನಗುತ್ತ ಮುಗಿಸಿದ್ದೆ. ಅಲ್ಲೇ ಕೂತು ಎರಡನ್ನೂ ಕಾಲಿಗೆ ಎಳೆದುಕೊಂಡೆ, ಎದ್ದು ಆ ಒದ್ದೆ ನೆಲದ ಮೇಲೆ ಕಿಟಕಿಯಿಂದ ಬಾಗಿಲವರೆಗೂ ನಡೆದೆ. ಕೊಳೆ ನೀರು ಪಚಕ್ ಪಚಕ್ ಅಂತು.

ದೊಡ್ಡಮ್ಮ ಬಗ್ಗಿ ನನ್ನ ಕಾಲು ನೋಡಿದರು.

"ಮೆಟ್ಟಿಬಿಟ್ಯಲ್ಲೇ, ಒಂಟೆ," ಅಂದರು ಕೊನೆಗೆ. "ಇನ್ನೊಂದು ಜೊತೆ ಆಗೋವರೆಗೂ ನಾನು ಸಾಯೋ ಹಾಗಿಲ್ಲ ಈಗ."

ಕಡ್ಡಿ ಹುಡುಕಿಕೊಂಡು ಬಂದು, ನಾನು ಸುತ್ತಿಟ್ಟ ಉಂಡೆಗಳ ಮುಂದೆ ಕೂತು, ಯಾವ ಬಣ್ಣ ಬೇಕು ಎಂದು ಕೇಳಿದರು.

ನಾನಿನ್ನೂ ಹೇಳಿಲ್ಲ.